ವಿಸಿಟಿಂಗ್ ಕಾರ್ಡಿನ ನಾಲ್ಕು ಮೂಲೆ ಅರಿಶಿನ

ಕಳೆದ ವರ್ಷದ ಬೇಸಿಗೆ. ಗುರುವಾರ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಕುಳಿತು, ಮರುದಿನದ ದೇವಿ ಪೂಜೆಗೆಂದು ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಆಗ ನಾನು ಮಧುಗಿರಿಯಲ್ಲಿ ಗೃಹಿಣಿ, ಈಗಲೂ ಅದೇ. ಜೊತೆಗೆ ನನ್ನ ನಾದಿನಿ ರತ್ನಮ್ಮನೂ ನಾನೂ ಸೇರಿ ಹಪ್ಪಳ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇವೆ. ಒತ್ತುವುದು, ಒಣಗಿಸುವುದು ಅವಳ ಪಾಲು. ಪ್ಯಾಕಿಂಗ್ ಮತ್ತು ಪ್ರಚಾರ ನನ್ನದು. ಪ್ರಚಾರ ವಿಭಾಗದ ಮುಖ್ಯಸ್ಥೆ ಎಂದು ಮನೆಯವರು ನನ್ನನ್ನು ರೇಗಿಸುತ್ತಿದ್ದರು.

ಫೋನ್ ಬಡಿದುಕೊಂಡಿತು. ಗಡಿ ಊರಾದ ಬಲಸಮುದ್ರದಿಂದ ರತ್ನಮ್ಮ. ಅತ್ತಿಗೆ ಅನ್ನುವುದನ್ನು ಆ ಕಡೆ ತೆಲುಗಿನಲ್ಲಿ ವದಿನಾ ಅನ್ನುತ್ತಾರೆ. ರತ್ನಮ್ಮ ಮದುವೆಯಾಗಿ ಅಲ್ಲಿಗೆ ಹೋದ ಮೇಲೆ ನಾನೂ ಅವಳಿಗೆ ವದಿನಾ ಆಗಿಬಿಟ್ಟಿದ್ದೆ.

"ವದಿನಾ, ಸಿರಾ ಅಂಗಡಿಯೋರು ಫೋನ್ ಮಾಡಿದ್ರು. ಸೋಮವಾರ ಬರಬೇಕಂತೆ. ನಿಮ್ದೇ ಅನ್ನಂಗಿರೋ ಕಾರ್ಡು, ಬ್ರೋಷರು ತಂದ್ರೆ ಶೆಲ್ಫು ನಮಗಂತೆ. ಇಲ್ದಿದ್ರೆ ಬೇರೆಯೋರಿಗೆ ಕೊಟ್‌ಬುಡ್ತಾರಂತೆ ಕಣಮ್ಮ!"

'ನಿಮ್ಮದೇ ಅನ್ನುವ ಹಾಗೆ' ಎಂಬ ಮಾತಿಗೆ ಕಾರಣವಿತ್ತು. ಹೆದ್ದಾರಿ ಬದಿಯ ಆ ಅಂಗಡಿಯಲ್ಲಿ ಊರಿನ ತಿಂಡಿ ತಿನಿಸುಗಳನ್ನಷ್ಟೇ ಇಡುತ್ತಾರೆ. ಹಿಂದಿನ ಸಲ ಒಬ್ಬರ ಬಳಿ ಡಿಸೈನ್ ಮಾಡಿಸಿಕೊಂಡು ಹೋಗಿದ್ದೆವು. ಅದರಲ್ಲಿ ಯಾವುದೋ ರೂಪಸಿ ಹಪ್ಪಳದ ತಟ್ಟೆ ಹಿಡಿದು ನಗುತ್ತಿದ್ದಳು, ಹಿಂದೆ ಗೋಧಿ ಹೊಲ. ಅಂಗಡಿಯ ಮೇಲ್ವಿಚಾರಕಿ ಅದನ್ನೊಮ್ಮೆ, ರತ್ನಮ್ಮನನ್ನೊಮ್ಮೆ ನೋಡಿ, "ಇದು ನಿಜವಾಗಿ ನೀವೇ ಮಾಡಿದ್ದಾ?" ಎಂದು ಕೇಳಿದ್ದರು. ರತ್ನಮ್ಮ ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದ್ದಳು. ಊರ ಹತ್ತಿರದ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ಲಿನಡಿಯ ಹುಲ್ಲು ಕೊಯ್ಯುವ ಕೆಲಸ ಬಿಟ್ಟು ಹಪ್ಪಳವನ್ನೇ ನಂಬಿ ಬಂದವಳು ಅವಳು. ಆ ಶೆಲ್ಫು ಸಿಗದಿದ್ದರೆ ಮತ್ತೆ ಕುಡುಗೋಲು ಹಿಡಿದು ಬಿಸಿಲಿಗೆ ಹೋಗಬೇಕಿತ್ತು.

"ಈ ಸಲ ನಾನೇ ಮಾಡ್ತೀನಿ" ಎಂದೆ. ಹೇಗೆ ಅಂತ ಗೊತ್ತಿರಲಿಲ್ಲ. ದೇವಿತಾಯಿ ಬಾಯಲ್ಲಿ ನುಡಿಸಿದಳು, ನುಡಿದೆ.

ಕೈ ತೊಳೆದು ಫೋನಿನಲ್ಲೇ ಒಂದು ಡಿಸೈನ್ ಆ್ಯಪ್ ಹಾಕಿಕೊಂಡೆ. ಅದರಲ್ಲಿ ಟೆಂಪ್ಲೇಟ್‌ಗಳಿರುತ್ತವೆ, ಅಂದರೆ ಸಿದ್ಧ ಮಾದರಿಗಳು. ಹೆಸರು ಬದಲಿಸಿ, ಫೋಟೋ ಬದಲಿಸಿದರೆ ಮುಗಿಯಿತು. ಬ್ರೋಷರಿಗೆ ರತ್ನಮ್ಮನ ಮನೆ ಮಹಡಿ ಮೇಲೆ ಹಳೇ ಸೀರೆಯಲ್ಲಿ ಹಪ್ಪಳ ಒಣಗುತ್ತಿರುವ ಫೋಟೋ ಹಾಕಿದೆ, ಲಟ್ಟಣಿಗೆ ಹಿಡಿದ ಅವಳ ಕೈ ಹಾಕಿದೆ. ಕೊನೆಗೆ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಬಳಿದಂತೆ ಹಳದಿ ಬಣ್ಣ ಇಟ್ಟೆ. ಒಳ್ಳೆಯ ಕೆಲಸಕ್ಕೆ ಕಾಗದ ಕೊಡುವಾಗ ಮೂಲೆಗೆ ಅರಿಶಿನ ಹಚ್ಚದೆ ಕೊಟ್ಟು ನಮಗೆ ಅಭ್ಯಾಸವಿಲ್ಲ. ಫೋನಿನಲ್ಲಿ ನೋಡಿದರೆ ಲಕ್ಷಣವಾಗಿತ್ತು. ಸಂಜೆಯೊಳಗೆ ಮುಗಿಸಿ ಬೀಗಿದೆ.

ಶುಕ್ರವಾರ ಇಬ್ಬರೂ ಸಿರಾಕ್ಕೆ ಹೋದೆವು. ಬಸ್ಸಿನಲ್ಲಿ ಸೀಟು ಸಿಕ್ಕಿತು, ಅದೂ ಆ ದೇವಿಯ ದಯೆಯೇ. ಅಲ್ಲಿನ ಪ್ರಿಂಟಿಂಗ್ ಪ್ರೆಸ್ಸಿನ ಖಾದರ್ ಸಾಬರು ಜುಮ್ಮಾ ನಮಾಜ್ ಮುಗಿಸಿ ಬಂದು ಬಾಗಿಲು ತೆರೆದರು. ಮಾದರಿಗೆ ಒಂದು ಹಾಳೆ ಅಚ್ಚು ಹಾಕಿ, ಕತ್ತರಿಸಿ ಕೈಗೆ ಕೊಟ್ಟರು. ನೋಡಿದರೆ ಒಂದು ಮೂಲೆಯ ಅರಿಶಿನ ಬ್ಲೇಡಿಗೆ ಹೋಗಿತ್ತು. ಎದುರು ಮೂಲೆಯ ಅಂಚಿನಲ್ಲಿ ಬಿಳಿ ಗೆರೆ.

ರತ್ನಮ್ಮನ ಮುಖ ಸಣ್ಣದಾಯಿತು. "ಮೂರು ಮೂಲೆ ಹಚ್ಚಿ ಒಂದು ಮೂಲೆ ಬಿಟ್ಟಂಗದೆ. ಇಂಥಾದ್ನ ಶುಭಕಾರ್ಯಕ್ಕೆ ಹೆಂಗ್ ಕೊಡಾದು ವದಿನಾ?"

"ನನ್ ಮಷೀನ್ ತಪ್ಪಲ್ಲಮ್ಮಾ," ಎಂದರು ಸಾಬರು. "ಡಿಸೈನು ಖೂಬ್ ಚೆನ್ನಾಗದೆ, ಆದ್ರೆ ಬ್ಲೀಡ್ ಇಲ್ಲ. ಕತ್ತರಿಸೋವಾಗ ಬ್ಲೇಡು ಎಳ್ಳುಕಾಳಷ್ಟು ಆ ಕಡೆ ಈ ಕಡೆ ಹೋಯ್ತದೆ. ಬಣ್ಣ ಅಂಚು ದಾಟಿ ಮೂರು ಮಿಲಿಮೀಟರ್ ಹೊರಗಿರ್ಬೇಕು. ನಿಮ್ದು ಅಂಚಿಗೇ ನಿಂತ್‌ಬುಟ್ಟದೆ."

ನಾನು ಒಂದು ಕ್ಷಣ ಕಾರ್ಡನ್ನೇ ನೋಡಿದೆ. "ಅಂದ್ರೆ ಹಪ್ಪಳದ ಹಂಗೆ. ಡಬ್ಬಿ ಮುಚ್ಚಳಕ್ಕಿಂತ ದೊಡ್ಡದಾಗಿ ಲಟ್ಟಿಸಿ, ಆಮೇಲೆ ಮುಚ್ಚಳ ಒತ್ತೋದು. ಆಚೆ ಉಳಿದ ಹಿಟ್ಟು ತೆಗೆದು ಹಾಕೋದು."

"ವಾಹ್! ಇಷ್ಟು ವರ್ಷ ಎಲ್ಲರಿಗೂ ಹೇಳಿ ಹೇಳಿ ಸಾಕಾಗಿತ್ತು, ಇನ್ಮೇಲೆ ಹಪ್ಪಳನೇ ತೋರಿಸ್ತೀನಿ."

"ದಿನಾ ನೋಡೋ ಕೆಲ್ಸನೇ ಮರ್ತ್‌ಬುಟ್ಯಲ್ಲ ವದಿನಾ" ಎಂದು ರತ್ನಮ್ಮ ಚುಚ್ಚಿದಳು. ಅವಳಿಗೂ ನಗು ಬಂತು, ಅಷ್ಟಾದರೂ ಆಯಿತು.

ಹಳದಿ ತೆಗೆದು ಬಿಳಿ ಅಂಚಿನಲ್ಲಿ ತಾವೇ ಮಾಡಿಕೊಡುವುದಾಗಿ ಸಾಬರು ಹೇಳಿದರು. ಮದುವೆ ಸೀಸನ್ನು, ಮೇಜಿನ ತುಂಬ ಲಗ್ನಪತ್ರಿಕೆ, ಅದಕ್ಕಿಂತ ಹೆಚ್ಚಿಗೆ ಅವರಿಗೆ ಬಿಡುವಿರಲಿಲ್ಲ. ಅರಿಶಿನವಿಲ್ಲದೆ ಬೇಡ, ಸೋಮವಾರ ಬೆಳಿಗ್ಗೆ ನಾನೇ ತರುತ್ತೇನೆ ಎಂದೆ. "ತನ್ನಿ, ಆದ್ರೆ ಪಿಡಿಎಫ್ ತನ್ನಿ, ಬ್ಲೀಡ್ ಸಮೇತ" ಎಂದರು.

ಶನಿವಾರ ಸಾಫ್ಟ್‌ವೇರ್ ಹುಡುಕಲು ಕುಳಿತೆ. ಮೊದಲಿನ ಫೋನ್ ಆ್ಯಪ್‌ನಲ್ಲಿ ಅಂಚಿನಾಚೆಗೆ ಜಾಗವೇ ಇರಲಿಲ್ಲ. ಮದುವೆ ಮನೆಯ ವಾಟ್ಸ್‌ಆ್ಯಪ್ ಶುಭಾಶಯಕ್ಕೆ ಅದು ಸಾಕು. ಎರಡನೆಯದು ಇಂಟರ್‌ನೆಟ್‌ನಲ್ಲಿ ನಡೆಯುವಂಥದ್ದು. ಬ್ಲೀಡ್ ಇತ್ತು, ಚೆಂದದ ಕನ್ನಡ ಅಕ್ಷರಗಳೂ ಇದ್ದವು. ಆದರೆ ನೆಟ್‌ವರ್ಕ್ ಹೋದಾಗಲೆಲ್ಲ ಪರದೆ ನಿಂತ ಗಡಿಯಾರವಾಗುತ್ತಿತ್ತು, ನಮ್ಮ ಬೀದಿಯಲ್ಲಿ ಅದು ಹೋಗುವುದೇ ಹೆಚ್ಚು. ಮೂರನೆಯದು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಉಚಿತ ಸಾಫ್ಟ್‌ವೇರ್. ಟೆಂಪ್ಲೇಟ್ ಒಂದೂ ಇಲ್ಲ. ತೆರೆದರೆ ಬರಿ ಬಿಳಿ ಹಾಳೆ, ಸುತ್ತ ನೂರೆಂಟು ಗುಂಡಿಗಳು. ಆದರೆ ಹೊಸ ಹಾಳೆ ತೆಗೆಯುವ ಮೊದಲೇ ಅದು ಕೇಳಿತು: ಅಳತೆ ಎಷ್ಟು, ಬ್ಲೀಡ್ ಎಷ್ಟು? ಅದು ಕೇಳಿದ್ದು ನನಗೆ ಇಷ್ಟವಾಯಿತು. ಅದನ್ನೇ ಆರಿಸಿದೆ.

ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪನ್ನು ದೇವರಮನೆ ಪಕ್ಕದ ಮಣೆಯ ಮೇಲಿಟ್ಟು, ಆ ಸಾಫ್ಟ್‌ವೇರ್ ಕಲಿಸುವ ಕನ್ನಡದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತೆ. ಭಾನುವಾರ ಮನೆಯವರು ಇಣುಕಿದರು.

"ಏನ್ ಮೇಡಂ, ಅಡುಗೆಮನೆ ಇವತ್ತು ಲ್ಯಾಪ್‌ಟಾಪಿಗೆ ಶಿಫ್ಟ್ ಆಗಿದೆಯಾ?"

"ಹೌದು ಸರ್. ಆ ಅಡುಗೆಮನೇಲಿ ಉಪ್ಪಿಟ್ಟಿನ ಇನ್‌ಚಾರ್ಜ್ ನೀವೇ."

ಮಾಡಿದರು ಪಾಪ. ಉಪ್ಪು ಸಾಲದಿದ್ದರೂ ಬಿಸಿಯಾಗಿತ್ತು. ಅರಿಶಿನವನ್ನು ಈ ಸಲ ಸಾಫ್ಟ್‌ವೇರಿನ ಬಣ್ಣದ ಡಬ್ಬಿಯಿಂದ ತೆಗೆಯಲಿಲ್ಲ. ಬಿಳಿ ಹಾಳೆಯ ಮೇಲೆ ನಿಜವಾದ ಅರಿಶಿನವನ್ನೇ ಬೆರಳಲ್ಲಿ ಬಳಿದು, ಕಿಟಕಿಯ ಬೆಳಕಲ್ಲಿ ಫೋಟೋ ತೆಗೆದು, ಪ್ರತಿ ಮೂಲೆಯಲ್ಲೂ ಅಂಚು ದಾಟಿಸಿ ಕೂರಿಸಿದೆ. ಬ್ರೋಷರಿಗೂ ಹಾಗೆಯೇ. ಅಕ್ಷರಗಳನ್ನು ಮಾತ್ರ ಅಂಚಿನಿಂದ ಒಳಕ್ಕೆ ಸರಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಡಿಎಫ್ ಸಿದ್ಧವಾಗಿತ್ತು. ಅಲ್ಲಿಯವರೆಗೂ ಕರೆಂಟು ಹೋಗಲಿಲ್ಲ.

ಸೋಮವಾರ ಸಾಬರು ಅಚ್ಚು ಹಾಕಿ ಕಟ್ಟು ಜೋಡಿಸಿ ಬ್ಲೇಡ್ ಇಳಿಸಿದರು. ರತ್ನಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

"ಕಣ್ಣು ಬಿಡಮ್ಮಾ, ನಾಲ್ಕೂ ಮೂಲೆ ಭದ್ರವಾಗದೆ."

ಅಂಗಡಿಯಲ್ಲಿ ಮೇಲ್ವಿಚಾರಕಿ ಮೊದಲು ಬ್ರೋಷರು ತಿರುವಿದರು. ಫೋಟೋದಲ್ಲಿದ್ದ ಕೈಬಳೆಯನ್ನೂ ಎದುರು ಕೂತವಳ ಕೈಬಳೆಯನ್ನೂ ನೋಡಿದರು. ಆಮೇಲೆ ಕಾರ್ಡ್ ತೆಗೆದುಕೊಂಡರು. ಮೂಲೆಯ ಮೇಲೆ ಹೆಬ್ಬೆರಳು ಉಜ್ಜಿ, ಹಳದಿ ಹತ್ತಿತೇ ಎಂದು ಬೆರಳನ್ನು ನೋಡಿಕೊಂಡರು.

"ಅಂಟಲ್ಲ ಮೇಡಂ, ಅದು ಅಚ್ಚು," ಎಂದಳು ರತ್ನಮ್ಮ, ಈ ಸಲ ತಲೆಯೆತ್ತಿ. "ನಮ್ ವದಿನಾನೇ ಮಾಡಿದ್ದು. ಹಪ್ಪಳ ನಾನ್ ಮಾಡಿದ್ದು."

"ಗೊತ್ತಾಗುತ್ತೆ," ಎಂದು ನಕ್ಕು, ಅವರೇ ಎದ್ದು ಹೋಗಿ ಶೆಲ್ಫು ತೋರಿಸಿದರು. ಕಣ್ಣಿನ ಎತ್ತರಕ್ಕೇ ಇತ್ತು.

ಈಗ ಕೊರಟಗೆರೆಯ ತವರಿನ ಕಡೆಯ ಹೆಂಗಸರು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ನನ್ನನ್ನು ಕೇಳುತ್ತಾರೆ. ಹೇಳಲು ಹೆಮ್ಮೆಯೇ. ಮೊದಲು ಪ್ರೆಸ್ಸಿಗೆ ಹೋಗಿ ಬ್ಲೇಡ್ ನೋಡಿ ಬನ್ನಿ, ಆಮೇಲೆ ಆರಿಸಿ ಅನ್ನುತ್ತೇನೆ. ಕೆಲಸ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಂತು ನೋಡಿದರೆ, ಯಾವುದು ಬೇಕು ಯಾವುದು ಬೇಡ ಎಂದು ತಾನಾಗಿ ತಿಳಿಯುತ್ತದೆ.

ಆ ಸೋಮವಾರ ಮನೆಗೆ ಬಂದವಳೇ ಮೊದಲ ಕಾರ್ಡನ್ನು ದೇವರ ಮುಂದಿಟ್ಟೆ. ಅಚ್ಚಿನ ಅರಿಶಿನದ ಮೇಲೆ ನಿಜದ ಅರಿಶಿನವನ್ನೂ ನಾಲ್ಕು ಮೂಲೆಗೆ ಹಚ್ಚಿದೆ. ಗುರುವಾರ ಫೋನು ಬಂದಾಗ ಉಜ್ಜದೆ ಉಳಿದ ಒಂದು ದೀಪ ಹಿತ್ತಲಲ್ಲಿ ಹಾಗೇ ಇತ್ತು. ಸೆರಗು ಸಿಕ್ಕಿಸಿಕೊಂಡು, ಹುಣಸೆಹಣ್ಣು ನೆನೆಹಾಕಲು ಒಳಗೆ ಹೋದೆ.