ಬಾಗಿಲ ಹೊರಗೆ ಕೂತ ಸಿದ್ದೀಕಾ

ಬೆಳಗಿನ ಐದೂವರೆ. ಹರಿಹರದ ಹೊಳೆ ದಂಡೆಯ ಕಾರ್ಖಾನೆಯಲ್ಲಿ ಮೊದಲ ಪಾಳಿಯ ಸೈರನ್ ಇನ್ನೂ ಕೂಗಿಲ್ಲ. ಆಡಳಿತ ಕಚೇರಿಯ ಹಿಂಭಾಗದ ಒಂದೇ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿದೆ. ಒಳಗೆ ಅಲಮಾರಿನಷ್ಟು ದೊಡ್ಡ ಕಂಪ್ಯೂಟರು, ಅದಕ್ಕೆ ಸೆಕೆಯಾಗಬಾರದೆಂದು ಹಾಕಿಸಿದ ಏರ್ ಕಂಡೀಷನರು, ಆ ಚಳಿಗೆ ಸ್ವೆಟರ್ ತೊಟ್ಟ ಮೂವರು. ಹೊರಗೆ ಮೇ ತಿಂಗಳ ಧಗೆಯಲ್ಲಿ, ಮರದ ಬೆಂಚಿನ ಮೇಲೆ ಒಬ್ಬ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಾರೆ. ಒಳಗೆ ಪರೀಕ್ಷೆಗೆ ನಿಂತಿರುವುದು ಅವರದೇ ಕೆಲಸ. ಆದರೆ ಅವರಿಗೆ ಇವತ್ತು ಒಳಗೆ ಪ್ರವೇಶವಿಲ್ಲ.

ಇವರು ಸಿದ್ದೀಕಾ ಬೇಗಂ. ಕಾರ್ಖಾನೆಯ ಸಂಬಳದ ಪ್ರೋಗ್ರಾಂ ಬರೆದವರು. ಪ್ರೋಗ್ರಾಂ ಎಂದರೆ ಯಂತ್ರಕ್ಕೆ ಸಾಲುಸಾಲಾಗಿ ಬರೆದುಕೊಟ್ಟ ಅಪ್ಪಣೆ ಎಂದು ಅವರು ಪತ್ರಿಕೆಗೆ ಬರೆಯಲು ಬಂದ ನನಗೆ ಮೂರು ಸಲ ವಿವರಿಸಿದರು. ಎರಡನೇ ಸಲಕ್ಕೇ ಅರ್ಥವಾಗಿತ್ತು. ವಿವರಿಸುವಾಗ ಅವರ ಮುಖ ನೋಡುವುದು ಚೆಂದ ಅನಿಸಿ ಮೂರನೆಯ ಸಲವೂ ಕೇಳಿದೆ. ಇಲ್ಲಿ ದುಡಿಯುವ ಎರಡು ಸಾವಿರ ಜನಕ್ಕೆ ತಿಂಗಳ ಕೊನೆಯಲ್ಲಿ ಕೈಗೆ ಬರುವ ಸಂಬಳದ ಚೀಟಿ ಈಗ ಈ ಯಂತ್ರದಿಂದಲೇ ಅಚ್ಚಾಗಿ ಬರುತ್ತದೆ. ಆ ಎರಡು ಸಾವಿರ ಜನರಲ್ಲಿ ಸಿದ್ದೀಕಾ ಯಾರೆಂದು ಕೇಳಿದರೆ ಹೇಳುವವರು ಹತ್ತು ಮಂದಿ ಸಿಕ್ಕಾರು.

"ಬೆಳಗ್ಗೆ ಯಾಕ್ ಬರ್ತೀವಂದ್ರೆ, ವೋಲ್ಟೇಜ್ ಸರಿ ಇರತೈತ್ರಿ. ಮಿಲ್ಲು, ಪಂಪ್‌ಸೆಟ್ಟು ಎಲ್ಲಾ ಚಾಲೂ ಆದ್ವು ಅಂದ್ರೆ ಮುಗೀತು," ಎನ್ನುತ್ತಾರೆ. ಕ್ಯಾಂಟೀನಿನಿಂದ ನನಗೊಂದು ಚಹಾ ತರಿಸುತ್ತಾರೆ, ತಾವು ಕುಡಿಯುವುದಿಲ್ಲ. ರಂಜಾನ್ ಉಪವಾಸ. ಅವರೆದುರು ಲೋಟ ಹಿಡಿದು ಕೂತ ನನಗೇ ಮುಜುಗರ. "ಕುಡೀರಿ ಕುಡೀರಿ. ನೀವು ಕುಡದ್ರೆ ನನ್ ರೋಜಾ ಕೆಡಲ್ಲ," ಎಂದು ನಗುತ್ತಾರೆ.

ಹೀಗೆ ಹೊರಗೆ ಕೂರುವುದು ಈ ವಿಭಾಗದ ಪದ್ಧತಿ. ಸಂಬಳಕ್ಕೆ ಒಂದು ವಾರ ಮುಂಚೆ, ಹಿಂದಿನ ತಿಂಗಳ ಲೆಕ್ಕವನ್ನೇ ಕೊಟ್ಟು ಪ್ರೋಗ್ರಾಂ ಓಡಿಸಿ ನೋಡುತ್ತಾರೆ. ಓಡಿಸುವವರು ಅದನ್ನು ಬರೆದವರಾಗಿರಬಾರದು. ಬರೆದವರು ಬಾಗಿಲ ಹೊರಗೆ ಕೂರಬೇಕು. ಒಳಗಿನವರಿಗೆ ಎಲ್ಲಾದರೂ ತಿಳಿಯದೆ ಬಾಗಿಲು ತೆರೆದು ಕೇಳಿದರೆ ಅದು ಕೇಳಿದವರ ದಡ್ಡತನವಲ್ಲ, ಬರೆದವರ ಲೋಪ. ಕೇಳಿದ ಜಾಗವನ್ನು ಅವರು ಯಾರಿಗೂ ತಿಳಿಯುವಂತೆ ತಿದ್ದಿ ಬರೆಯಬೇಕು. ಈ ಪದ್ಧತಿಯನ್ನು ಹಾಕಿದವರು ಸಿದ್ದೀಕಾ. ಮೊದಲು ಹೊರಗೆ ಕೂತವರೂ ಅವರೇ. ಆ ದಿನ ಬಾಗಿಲು ಎಷ್ಟು ಸಲ ತೆರೆಯಿತೆಂದರೆ, "ತಗದೇ ಇಟ್ಬಿಡ್ರಿ, ಗಾಳಿನಾದ್ರೂ ಬರ್ಲಿ ಅಂದೆ," ಎಂದು ನೆನೆಯುತ್ತಾರೆ.

ಸಿದ್ದೀಕಾ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮನೆಯವರು. ತಂದೆ ಹಯಾತ್ ಸಾಬ್ ಅಕ್ಕಿ ಹುರಿದರೆ ತಾಯಿ ಖತೀಜಾಬೀ ಒಲೆಗೆ ಹೊಟ್ಟು ಹಾಕುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಎರಡೂ ಕೆಲಸ ತಾಯಿಯ ತಲೆಗೇ ಬಿತ್ತು. ಹೊಗೆಯಲ್ಲಿ ಕಣ್ಣೀರು ಸುರಿಸುತ್ತಲೇ ಮಗಳನ್ನು ಬಿ.ಎಸ್ಸಿ. ಓದಿಸಿದರು. ಓಣಿಯವರು ಹುಡುಗಿಗೆ ಇಷ್ಟು ಓದು ಯಾಕೆ ಎಂದಾಗ, "ನನ್ ಒಲಿ, ನನ್ ಹೊಗಿ, ನಿಮ್ದೇನ್ ಹೋತು?" ಎಂದ ಗಟ್ಟಿಗಿತ್ತಿ. ಮಗಳು ಕಾರ್ಖಾನೆಗೆ ಟೈಪಿಸ್ಟ್ ಆಗಿ ಸೇರಿ, ಕಂಪ್ಯೂಟರು ಬಂದಾಗ ಬೆಂಗಳೂರಿಗೆ ತರಬೇತಿಗೆ ಹೋಗಿ, ಪ್ರೋಗ್ರಾಮರ್ ಆಗಿ ಮರಳಿದರು.

ಈ ಕೆಲಸದಲ್ಲಿ ಒಂದು ಫಜೀತಿಯಿದೆ. ಬಡಗಿ ಮಾಡಿದ ಕುರ್ಚಿಯ ಕಾಲು ಅಲ್ಲಾಡಿದರೆ ಕೂತವನಿಗೆ ಗೊತ್ತಾಗುತ್ತದೆ. ಪ್ರೋಗ್ರಾಂ ಬರೆದವರು ತಾವು ಎಷ್ಟು ಜಾಣರೆಂದು ಹೇಗೆ ತಿಳಿಯಬೇಕು? ವಿಭಾಗದ ಮುಖ್ಯಸ್ಥ ವಾಮದೇವಪ್ಪನವರನ್ನು ಕೇಳಿದೆ. "ನಮ್ಮ ನಾಲ್ಕು ಜನದಾಗೆ ಯಾರು ಚಲೋ ಅಂತ ಕೇಳಿದ್ರೆ ನಾಲ್ಕು ಉತ್ತರ ಬರ್ತಾವ್ರಿ. ಫಜಲುಲ್ಲಾ ಜಲ್ದಿ ಬರೀತಾನೆ, ಅದಕ್ಕೆ ತಾನೇ ಚಲೋ ಅಂತಾನೆ. ಶಾಂತಕುಮಾರಿಗೆ ಡೌಟು ಜಾಸ್ತಿ, ಅದಕ್ಕೆ ತಾನು ದಡ್ಡಿ ಅಂದ್ಕಂಡಾಳೆ. ಆಕಿ ಡೌಟಿನಿಂದಾನೇ ಎಷ್ಟೋ ಸಲ ಬಚಾವಾಗೀವಿ." ನೀವು ಎಂದು ಕೇಳಿದೆ. "ನಾನು ಮುಖ್ಯಸ್ಥ. ನನಗೆ ಯಾರೂ ಮಾರ್ಕ್ಸ್ ಹಾಕಲ್ಲ," ಎಂದು ಮೀಸೆಯಲ್ಲೇ ನಕ್ಕರು.

ಸಿದ್ದೀಕಾ ತಮ್ಮನ್ನು ಅಳೆದುಕೊಳ್ಳುತ್ತಿದ್ದ ಕೋಲೇ ಬೇರೆ. ತಾವು ಬರೆದದ್ದು ಬೇರೆಯವರಿಗೆ ತಿಳಿಯದಿದ್ದರೆ ತಾವು ಮೇಲು ಎಂದುಕೊಂಡಿದ್ದರು. ಎರಡು ವರ್ಷದ ಹಿಂದೆ ಕೊಂಡಜ್ಜಿಯಲ್ಲಿ ನಾದಿನಿಯ ಮದುವೆ. ಅಂದು ಸಂಬಳದ ಪ್ರೋಗ್ರಾಂ ನಡುವೆಯೇ ನಿಂತಿತು. ಒಳಗೆ ಏನಿದೆಯೆಂದು ಯಾರಿಗೂ ತಿಳಿಯಲಿಲ್ಲ. ನಿಕಾಹ್ ನಡೆಯುತ್ತಿರುವಾಗ ಕಾರ್ಖಾನೆಯ ಜೀಪು ಚಪ್ಪರದ ಎದುರಿಗೇ ಬಂದು ನಿಂತಿತು.

"ಸುಳ್ಳು ಯಾಕ ಹೇಳ್ಲಿ? ಹಿಗ್ಗಿ ಹೀರೇಕಾಯಿ ಆಗಿದ್ದೆ. ನಾನಿಲ್ದೆ ಕಾರ್ಖಾನೆ ನಡಿಯಲ್ಲ ಅಂತ ಬೀಗರಿಗೆಲ್ಲ ಗೊತ್ತಾತಲ್ಲ! ಜರತಾರಿ ಸೀರೆನಾಗೇ ಜೀಪ್ ಹತ್ತಿದೆ." ಇಲ್ಲಿ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಶಾಂತಕುಮಾರಿ ಅಳುತ್ತ ನಿಂತಿದ್ದರು. ಬೆಳಗಿನಿಂದ ಆ ಸಾಲುಗಳನ್ನು ಓದಿ ಓದಿ, ಏನೂ ತಿಳಿಯದೆ, ತನಗೆ ಈ ಕೆಲಸ ಆಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದು ರಾಜೀನಾಮೆಗೆ ತಯಾರಾಗಿದ್ದರು.

"ಆಕಿ ಅಳೋದು ನೋಡಿ ನನ್ ಹಿಗ್ಗೆಲ್ಲ ಇಳೀತ್ರಿ. ದಡ್ಡತನ ಆಕೀದಲ್ಲ, ನಂದು. ಇದು ನನಗೆ ಮಾತ್ರ ತಿಳಿಯೋ ಹಂಗೆ ಬರದವಳು ನಾನು. ಅಮ್ಮಿ ಹೇಳ್ತಿದ್ಲು, ಹುರಿದೋರು ಮಂಡಕ್ಕಿ ರುಚಿ ಹೇಳಬಾರ್ದು, ತಿಂದೋರು ಹೇಳ್ಬೇಕು ಅಂತ." ಹೊರಗೆ ಕೂರುವ ಪದ್ಧತಿ ಶುರುವಾದದ್ದು ಆ ತಿಂಗಳಿಂದ. ಇಡೀ ಪ್ರೋಗ್ರಾಮನ್ನು ಅವರು ಮೊದಲಿನಿಂದ, ಅಕ್ಕಪಕ್ಕದಲ್ಲಿ ವಿವರಣೆ ಹಾಕಿ, ತಿಳಿಯಾಗಿ ಬರೆದರು. ಶಾಂತಕುಮಾರಿ ಉಳಿದರು. ಇವತ್ತು ಒಳಗೆ ಯಂತ್ರದ ಮುಂದೆ ಕೂತಿರುವುದು ಅವರೇ.

ಏಳು ಗಂಟೆಯ ಹೊತ್ತಿಗೆ ಬಾಗಿಲು ಒಂದೇ ಸಲ ತೆರೆದಿದೆ. ಅದೂ ಫಜಲುಲ್ಲಾ, ಒಳಗಿನ ಉಳಿದಿಬ್ಬರಿಗೆ ಚಹಾ ಬಂತಾ ಎಂದು ಕೇಳಲು. ಸಿದ್ದೀಕಾ ನಗಬೇಕಿತ್ತು, ನಗಲಿಲ್ಲ. ಯಾಕೆಂದರೆ ಈ ಸಲ ಇದು ಬರೀ ಪರೀಕ್ಷೆಯಲ್ಲ. ಖತೀಜಾಬೀಯವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ದಾವಣಗೆರೆಯ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಆಪರೇಷನ್ನಿಗೆ ಸಿಕ್ಕಿರುವ ದಿನ ಸಂಬಳದ ಹಿಂದಿನ ದಿನವೇ. ಆಪರೇಷನ್ ಆದ ಮೇಲೆ ತಲೆ ಅಲ್ಲಾಡಿಸದಂತೆ ಮಲಗಿಸಬೇಕು, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಒಬ್ಬಳೇ ಮಗಳು. ಇತ್ತ ಸಂಬಳ ತಡವಾದರೆ ಹಬ್ಬಕ್ಕೆ ಎಷ್ಟೋ ಮನೆಗಳಲ್ಲಿ ಹೊಸ ಬಟ್ಟೆಯಿಲ್ಲ. ಯಾವ ಕಡೆ ಕೈಬಿಟ್ಟರೂ ಪಾಪ.

"ನೀವು ಹೋಗ್ರಿ ಅಕ್ಕಾ, ನಾವದೀವಿ," ಎಂದು ಶಾಂತಕುಮಾರಿ ರಜೆಯ ಚೀಟಿಯನ್ನು ತಾವೇ ಬರೆದು ಸಹಿಗೆ ತಂದರಂತೆ. ವಾಮದೇವಪ್ಪನವರು ಓದದೆಯೇ ಮಂಜೂರು ಮಾಡಿದರಂತೆ.

ಸಂಬಳದ ದಿನ ನಾನು ಹರಿಹರದ ಬಸ್ಸು ಹತ್ತದೆ ನಮ್ಮೂರು ದಾವಣಗೆರೆಯ ಆಸ್ಪತ್ರೆಗೇ ಹೋಗುತ್ತೇನೆ. ಖತೀಜಾಬೀ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದಾರೆ. ತಲೆಯ ಎರಡೂ ಬದಿಗೆ ಮರಳಿನ ಚೀಲ. ಮಗಳು ಪಕ್ಕದ ಸ್ಟೂಲಿನ ಮೇಲೆ. ವಾರ್ಡಿನ ಫ್ಯಾನು ನಿಧಾನವಾದಾಗೆಲ್ಲ ಅವರು ತಲೆಯೆತ್ತುತ್ತಾರೆ. "ಅಲ್ಲೂ ಕರೆಂಟ್ ಹಿಂಗೇ ಐತೇನೋ," ಎನ್ನುತ್ತಾರೆ. ಹನ್ನೊಂದಾಯಿತು, ಹನ್ನೆರಡಾಯಿತು. ಹರಿಹರದಿಂದ ಸುದ್ದಿಯಿಲ್ಲ. ಆಸ್ಪತ್ರೆಯ ಕಚೇರಿಯಲ್ಲಿ ಫೋನಿದೆ, ಹೋಗಿ ಮಾಡಬಹುದಲ್ಲ ಎಂದೆ. "ಬ್ಯಾಡ್ರಿ. ನಾನ್ ಫೋನ್ ಮಾಡಿದ್ರೆ ಅವರ ಮೇಲೆ ನಂಬಿಕಿ ಇಲ್ಲ ಅಂದಂಗಾಗ್ತತೆ," ಎಂದರು. ಹೇಳಿ, ಕಚೇರಿಯ ಕಡೆಗೇ ನೋಡುತ್ತ ಕೂತರು. ಪಾಪ ಅನಿಸಿತು.

ಮಧ್ಯಾಹ್ನ ಮೂರರ ಸುಮಾರಿಗೆ ಶಾಂತಕುಮಾರಿ ಬರುತ್ತಾರೆ. ಸೀರೆಗೆಲ್ಲ ಪ್ರಿಂಟರಿನ ಶಾಯಿ, ಕೈಯಲ್ಲಿ ಅಮ್ಮಿಗೆಂದು ತಂದ ಮೋಸಂಬಿ.

"ಸಂಬಳ ಆತು ಅಕ್ಕಾ. ಎಲ್ಲಾರಿಗೂ ಆತು."

"ಎಲ್ಲೂ ನಿಲ್ಲಲಿಲ್ಲ?"

ಶಾಂತಕುಮಾರಿ ಮೋಸಂಬಿಯ ಚೀಲ ಕೆಳಗಿಟ್ಟರು. "ನಿಲ್ಲಲಿಲ್ಲ, ಆದ್ರೆ ತಪ್ಪು ಬಂತು. ಈ ತಿಂಗಳು ಒಂದು ವಿಭಾಗದಿಂದ ಇನ್ನೊಂದಕ್ಕೆ ವರ್ಗ ಆದೋರು ಇದ್ರಲ್ಲ, ಅವರ ಹೆಸರು ಎರಡೂ ಕಡೆ ಬಂದು ಹಬ್ಬದ ಮುಂಗಡದ ಕಂತು ಎರಡು ಸಲ ಮುರಕಂಡಿತ್ತು. ಚೀಟಿ ನೋಡಿ ನಂಗೆ ಡೌಟ್ ಬಂತು. ನೀವು ಪಕ್ಕದಾಗೆ ಬರದಿದ್ರಲ್ಲ, ಈ ಸಾಲು ಯಾಕ, ಈ ಸಾಲು ಯಾಕ ಅಂತ. ಓದ್ಕಂತ ಹೋದ್ವಿ, ಸಿಕ್ತು. ತಿದ್ದಿ ಇನ್ನೊಂದ್ಸಲ ಓಡ್ಸಿದ್ವಿ. ಅದಕ್ಕೇ ತಡ ಆತು." ಆಮೇಲೆ ಸಣ್ಣ ದನಿಯಲ್ಲಿ, "ಫಜಲುಲ್ಲಾ ಜೀಪ್ ಕಳಸಣಾ ಅಂದ. ನಾನೇ ಬ್ಯಾಡ ಅಂದೆ. ತಪ್ಪಾತೇನು?" ಎಂದರು.

ಸಿದ್ದೀಕಾ ಎದ್ದು ಶಾಂತಕುಮಾರಿಯ ಶಾಯಿಗೈಗಳನ್ನು ಹಿಡಿದುಕೊಂಡರು. ಕಣ್ಣು ತುಂಬಿ ಬಂದಿತ್ತು. "ನಿನ್ನ ಋಣ ಹೆಂಗೆ ತೀರಿಸ್ಲಿ ಮಾರಾಯ್ತಿ," ಎಂದವರು ಅಷ್ಟಕ್ಕೇ ನಿಲ್ಲಿಸಿ ನಗತೊಡಗಿದರು. ಪತ್ರಿಕೆಯವನು ಅಳಬಾರದೆಂದು ಕಿಟಕಿ ನೋಡಿದೆ.

ಅಲ್ಲಾಡದೆ ಮಲಗಿದ್ದ ಖತೀಜಾಬೀ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮನೆಯಲ್ಲಿ ಉರ್ದು ಆಡುವ ತಾಯಿ, ನಮ್ಮಿಬ್ಬರಿಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದರು.

"ತಪ್ಪು ಯಾರ್ದಂತೆ ಬೇಟಿ?"

"ನಂದೇ ಅಮ್ಮಿ."

"ಮತ್ತೆ ನಗಾಕತ್ತೀಯಲ್ಲೇ?"

"ನನ್ನ ಕೇಳದಂಗೆ ತಿದ್ದಿದ್ರಮ್ಮಿ."