ನನ್ನ ನೂರಮೂವತ್ತೆಂಟು ಮತ್ತು ಅವಳ ಬೀರು

ನನ್ನ ಐಕ್ಯೂ ನೂರಮೂವತ್ತೆಂಟು. ಇದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ. ಹೇಳಿಕೊಂಡು ತಿರುಗುವುದು ಸಣ್ಣತನ ಎಂದು ತಿಳಿಯುವಷ್ಟು ಬುದ್ಧಿ ಆ ಅಂಕಿಯಲ್ಲೇ ಸೇರಿದೆ. ಆದರೆ ಮಾತು ಆ ಕಡೆ ತಿರುಗಿದಾಗ ಬಾಯಿ ಮುಚ್ಚಿಕೊಂಡು ಕೂರುವುದೂ ಸಭ್ಯತೆಯಲ್ಲ. ಹಾಗಾಗಿ ಮಾತನ್ನು ಆ ಕಡೆ ತಿರುಗಿಸುವುದಷ್ಟೇ ನನ್ನ ಕೆಲಸ. ಬೆಂಗಳೂರಿನ ಸೆಕೆಯಿಂದ ಹೊರಟು ಮೂರೇ ಹೆಜ್ಜೆಗೆ ಐಕ್ಯೂ ತಲುಪುವ ದಾರಿ ನನಗೆ ಗೊತ್ತು. ನನ್ನ ಹೆಂಡತಿ ವಿಜಯಾಳಿಗೂ ಗೊತ್ತು. ನಾನು ಎರಡನೇ ಹೆಜ್ಜೆಯಲ್ಲಿರುವಾಗಲೇ ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಾಳೆ.

ಈ ಅಂಕಿ ನನಗೆ ಅಂಟಿಕೊಂಡದ್ದು ಒಂಬತ್ತನೇ ತರಗತಿಯಲ್ಲಿ. ಮನಃಶಾಸ್ತ್ರ ಓದುತ್ತಿದ್ದ ಒಬ್ಬ ತರುಣ ನಮ್ಮ ಶಾಲೆಗೆ ಬಂದು, ಎಲ್ಲರಿಗೂ ಒಂದೊಂದು ಪುಸ್ತಿಕೆ ಹಂಚಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಕೂತ. ಅದರಲ್ಲಿ ಪಾಠದ ಪ್ರಶ್ನೆ ಒಂದೂ ಇರಲಿಲ್ಲ. ಸಾಲಿನಲ್ಲಿ ಮುಂದಿನ ಸಂಖ್ಯೆ ಯಾವುದು, ಗುಂಪಿಗೆ ಸೇರದ ಪದ ಯಾವುದು, ಈ ಆಕೃತಿಯನ್ನು ತಿರುಗಿಸಿದರೆ ಹೇಗೆ ಕಾಣುತ್ತದೆ, ಹೀಗೆ. ಆಕೃತಿ ತಿರುಗಿಸುವುದರಲ್ಲಿ ನಾನು ಎತ್ತಿದ ಕೈ. ಪಕ್ಕದಲ್ಲಿ ಕೂತಿದ್ದ ನಾಗರಾಜ ಮೆಲ್ಲಗೆ, "ಮಗಾ, ಏಳನೇದು ಏನೋ?" ಎಂದ. ನಾನು ಅಂಗೈ ಅಡ್ಡ ಇಟ್ಟು ಉತ್ತರ ಮುಚ್ಚಿಕೊಂಡೆ. ತಿಂಗಳಾದ ಮೇಲೆ ಒಂದು ಹಳದಿ ಕಾರ್ಡಿನಲ್ಲಿ ನನ್ನ ಹೆಸರೂ ಆ ಅಂಕಿಯೂ ಬಂದವು.

ಅಪ್ಪ ಅದನ್ನು ಪ್ಲಾಸ್ಟಿಕ್ ಹೊದಿಸಿ ಇಟ್ಟರು. ಹಾಲಿನವನಿಗೆ ತೋರಿಸಿದರು, ಮೀಟರ್ ನೋಡಲು ಬಂದವನಿಗೆ ತೋರಿಸಿದರು. ನೂರಮೂವತ್ತೆಂಟು ಇದ್ದವನು ಏನೇನೋ ಆಗುತ್ತಾನೆ ಎಂದು ಅವರು ನಂಬಿದ್ದರು. ನಾನು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಅದೇ ಕಚೇರಿಯಲ್ಲಿ ಹಾರ ಹಾಕಿಸಿಕೊಂಡು ನಿವೃತ್ತನಾದೆ. ನಾಗರಾಜನಿಗೆ ಬಂದ ಅಂಕಿ ಎಷ್ಟೆಂದು ಅವನು ಯಾರಿಗೂ ಹೇಳಲಿಲ್ಲ. ಆ ಕಾರ್ಡಿನಿಂದ ಕಾಗದದ ವಿಮಾನ ಮಾಡಿದ್ದು ಮಾತ್ರ ನಾನು ನೋಡಿದೆ. ಈಗ ಅವನಿಗೆ ಜಯನಗರದಲ್ಲಿ ಪುಸ್ತಕ, ಪೆನ್ನುಗಳ ಅಂಗಡಿ ಇದೆ. ಯಾವ ಮಗು ಯಾವ ತರಗತಿಗೆ ಬಂತು, ಯಾವ ಮಗುವಿಗೆ ಎಡಗೈ ಬರವಣಿಗೆ, ಯಾರ ಮನೆಯಲ್ಲಿ ಪೆನ್ಸಿಲ್ ಬೇಗ ಮುಗಿಯುತ್ತದೆ, ಎಲ್ಲ ಅವನ ತಲೆಯಲ್ಲಿದೆ. ನಾನು ಹೋದಾಗಲೆಲ್ಲ ಹೊಸ ಪೆನ್ನೊಂದನ್ನು ಮುಂದೆ ಹಿಡಿದು, "ಬರೆದು ನೋಡಿ ಹೇಳು ಗುರು, ಚೆನ್ನಾಗಿದ್ಯಾ?" ಎಂದು ಕೇಳುತ್ತಾನೆ. ಅವನು ಇನ್ನೂ ಕೇಳುತ್ತಲೇ ಇದ್ದಾನೆ.

ಹಾಗೆಂದು ಐಕ್ಯೂ ಎಂಬುದು ಬರೀ ಬೊಗಳೆ ಎಂದು ಹೇಳಿಬಿಟ್ಟರೆ ಅಪ್ಪನಿಗೆ ಅನ್ಯಾಯವಾದೀತು. ಅದು ಏನನ್ನೋ ಅಳೆಯುತ್ತದೆ. ಕಚೇರಿಯಲ್ಲಿ ಕಂತಿನ ಲೆಕ್ಕಗಳನ್ನು ನಾನು ಬಾಯಲ್ಲೇ ಹಾಕುತ್ತಿದ್ದೆ; ಯಂತ್ರ ಒತ್ತುತ್ತಿದ್ದವರು ಆಮೇಲೆ ತಲೆಯಾಡಿಸುತ್ತಿದ್ದರು. ಫ್ರಾನ್ಸಿನಲ್ಲಿ ಈ ಪರೀಕ್ಷೆಯನ್ನು ಮೊದಲು ಮಾಡಿದವರ ಉದ್ದೇಶ ಕೂಡ, ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರ ಕೈ ಹಿಡಿಯುವುದಾಗಿತ್ತಂತೆ. ಮುಂದೆ ಬಿದ್ದವರು ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸಲಿ ಎಂದು ಅವರು ಹೇಳಿರಲಾರರು. ಇನ್ನು ಆ ಸಂಖ್ಯೆಗಳ ಸಾಲು ಬರೆದವರಂತೂ ನಮ್ಮ ಕಡೆ ಕಾಲಿಟ್ಟವರಲ್ಲ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು, ಮುಂದೇನು ಎಂದು ಜಗತ್ತಿನಲ್ಲಿ ಯಾರನ್ನು ಕೇಳಿದರೂ ಇಪ್ಪತ್ತೆಂಟು ಎನ್ನುತ್ತಾರೆ. ಬನಶಂಕರಿಯಲ್ಲಿ ಮನೆ ಹುಡುಕಿದವರು ಮಾತ್ರ ಸ್ವಲ್ಪ ಯೋಚಿಸಿ, ಇಪ್ಪತ್ತೇಳು 'ಎ' ಕ್ರಾಸ್, ಆಮೇಲೆ ಒಂದು ಪಾರ್ಕ್ ಎನ್ನುತ್ತಾರೆ. ಪರೀಕ್ಷೆಯಲ್ಲಿ ಅವರಿಗೆ ಸೊನ್ನೆ. ಆದರೆ ಊಟದ ಹೊತ್ತಿಗೆ ಮನೆ ತಲುಪುವವರು ಅವರೇ.

ನಮ್ಮ ಮಾತಿನಲ್ಲಿ ಬುದ್ಧಿಯ ರೀತಿಯೇ ಬೇರೆ ಎಂದು ಈಚೆಗೆ ನನಗೆ ಹೊಳೆದಿದೆ. ಬುದ್ಧಿ ಬರುತ್ತದೆ, ಹೋಗುತ್ತದೆ, ಓಡುತ್ತದೆ, ಕೈಕೊಡುತ್ತದೆ. ದೊಡ್ಡವರು ಬುದ್ಧಿ ಹೇಳುತ್ತಾರೆ, ಪೆಟ್ಟು ತಿಂದವರು ಬುದ್ಧಿ ಕಲಿಯುತ್ತಾರೆ. ಹೀಗೆ ಮನೆಯಿಂದ ಮನೆಗೆ ತಿರುಗಾಡುತ್ತಲೇ ಇರುವುದನ್ನು ಒಂದು ಕಡೆ ಕೂರಿಸಿ ಅಳೆಯುವುದು ಹೇಗೆ? ನನಗೆ ಈಚೆಗೆ ಬುದ್ಧಿ ಬಂದದ್ದು ಮಾತ್ರ ಒಂದು ಬೀರುವಿನ ಮೂಲಕ.

ಶ್ರೀನಗರದಲ್ಲಿ ನಾವು ಬಹಳ ವರ್ಷ ಇದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಿ ಕಟ್ಟಿಸುವವರಿದ್ದರು. ಇಟ್ಟಮಡುವಿನಲ್ಲಿ ಮೊದಲನೇ ಮಹಡಿಯ ಮನೆಯೊಂದು ಸಿಕ್ಕಿತು. ಗಾಳಿ ಬೆಳಕು ಸೊಗಸಾಗಿತ್ತು, ಎದುರಿಗೆ ಹೊಂಗೆ ಮರವಿತ್ತು. ತೊಂದರೆ ಒಂದೇ. ನಮ್ಮಲ್ಲಿ ವಿಜಯಾಳ ತಾಯಿಯ ತೇಗದ ಬೀರು ಇತ್ತು. ಮೇಲೆ ಎರಡು ಬಾಗಿಲು, ಕೆಳಗೆ ಮೂರು ಡ್ರಾಯರು, ನನಗಿಂತ ಒಂದು ಮೊಳ ಎತ್ತರ. ಅವಳ ತಾಯಿ ಹೋದ ಮೇಲೆ ಅವರದೆಂದು ಅವಳ ಬಳಿ ಉಳಿದದ್ದು ಅದು ಮತ್ತು ಅದರೊಳಗಿನ ಒಂದು ಸೀರೆ, ಅಷ್ಟೇ. ಹಬ್ಬದ ದಿನ ಅದರ ಬಾಗಿಲು ತೆಗೆದು ಒಳಗೆ ಮುಖ ಒಡ್ಡುತ್ತಾಳೆ. ಅಮ್ಮನ ಸೀರೆಯ ವಾಸನೆ ಇನ್ನೂ ಇದೆ ಎನ್ನುತ್ತಾಳೆ. ನನಗೆ ನುಸಿಗುಳಿಗೆಯ ವಾಸನೆ ಮಾತ್ರ ಬರುತ್ತದೆ.

"ಆ ಮೆಟ್ಟಿಲಲ್ಲಿ ಇದು ಹತ್ತುತ್ತಾ?" ಎಂದು ಅವಳು ಕೇಳಿದ್ದೇ ತಡ, ಒಂಬತ್ತನೇ ತರಗತಿಯ ಹುಡುಗ ನನ್ನೊಳಗೆ ಎದ್ದು ಕೂತ. ಆಕೃತಿ ತಿರುಗಿಸುವ ಪ್ರಶ್ನೆ! ಟೇಪು ಹಿಡಿದು ಇಟ್ಟಮಡುವಿಗೆ ಎರಡು ಸಲ ಹೋಗಿಬಂದೆ. ನಾಗರಾಜನ ಅಂಗಡಿಯಿಂದ ಗ್ರಾಫ್ ಹಾಳೆ ತಂದು, ನಾಲ್ಕನ್ನು ಸೇರಿಸಿ ಅಂಟಿಸಿ, ಮೆಟ್ಟಿಲನ್ನೂ ಬೀರುವನ್ನೂ ಬರೆದೆ. ಮೂರು ದಿನ ಊಟದ ಮೇಜು ನನ್ನದಾಯಿತು, ಊಟ ಅಡುಗೆಮನೆಯ ನೆಲದ ಮೇಲಾಯಿತು. ವಿಜಯಾ ಕಾಫಿ ತಂದಿಟ್ಟು, "ರೀ, ಒಂದ್ ಮಾತು" ಎಂದಳು. ನಾನು ಕೋನ ಅಳೆಯುತ್ತಿದ್ದೆ. "ಒಂದ್ ನಿಮಿಷ ಇರು" ಎಂದೆ. ಕೊನೆಗೆ ಎರಡು ಬೆರಳಿನಷ್ಟು ಜಾಗ ಉಳಿಸಿಕೊಂಡು ಬೀರು ತಿರುಗುತ್ತದೆಂದು ಸಾಬೀತಾಯಿತು. ಆ ರಾತ್ರಿ ಅಪ್ಪನನ್ನು ನೆನೆದು ನನಗೆ ನಿಜಕ್ಕೂ ಸಂತೋಷವಾಯಿತು.

ಮನೆ ಸಾಗಿಸಲು ಬಂದವನು ಬಸವರಾಜ. ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡು, ಇಬ್ಬರು ಜೊತೆಗಾರರೊಂದಿಗೆ ಟೆಂಪೋ ನಡೆಸುತ್ತಾನೆ. ನಾನು ಗ್ರಾಫ್ ಹಾಳೆ ಬಿಡಿಸಿ ತೋರಿಸಿದೆ. ಅವನು ಕೈ ಕಟ್ಟಿಕೊಂಡು ಪೂರ್ತಿ ಕೇಳಿ, "ಭಾಳ ಛಲೋ ಬರ್ದೀರಿ ಸಾಹೇಬ್ರ" ಎಂದ. ಟೆಂಪೋ ಹೊರಡುವಾಗ ವಿಜಯಾ ಮತ್ತೆ "ರೀ, ಆ ಬೀರು ಇದೆಯಲ್ಲ..." ಎಂದಳು. "ಎಲ್ಲಾ ಲೆಕ್ಕ ಹಾಕಿದೀನಿ, ನೀನು ತಲೆ ಕೆಡಿಸ್ಕೋಬೇಡ" ಎಂದು ನಾನು ಮುಂದಿನ ಸೀಟಿನಲ್ಲಿ ಹಾಳೆ ಹಿಡಿದು ಕೂತೆ.

ಇಟ್ಟಮಡುವಿನ ಮೆಟ್ಟಿಲಿನಲ್ಲಿ ಹತ್ತು ಮೆಟ್ಟಿಲು ಏರುವವರೆಗೂ ಬೀರು ನನ್ನ ಮಾತು ಕೇಳಿತು. ನಾನು ಮೇಲೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ, ಈಗ ಓರೆ ಮಾಡಿ" ಎಂದು ಕೂಗುತ್ತಿದ್ದೆ. ಮೆಟ್ಟಿಲು ತಿರುಗುವ ಜಾಗದಲ್ಲಿ ಅದು ನಿಂತುಬಿಟ್ಟಿತು. ಹಾಗೆ ತಿರುಗಿಸಿದರು, ಹೀಗೆ ತಿರುಗಿಸಿದರು, ತಲೆಕೆಳಗು ಮಾಡಿದರು. ಆಗ ಗೊತ್ತಾಯಿತು. ನಾನು ಗೋಡೆಯಿಂದ ಗೋಡೆಗೆ ಅಳೆದಿದ್ದೆ. ನಡುವೆ ಕೈ ಹಿಡಿಯಲು ಕಬ್ಬಿಣದ ಕಂಬಿ ಇದೆ ಎಂಬುದು ಹಾಳೆಗೆ ಬಂದೇ ಇರಲಿಲ್ಲ. ಅಳೆಯಲು ಬಂದಾಗ ಎರಡು ಸಲವೂ ನನ್ನ ಕೈಚೀಲವನ್ನು ತೂಗುಹಾಕಿದ್ದು ಅದೇ ಕಂಬಿಗೆ.

ಕೆಳಗಿನಿಂದ ವಿಜಯಾ, "ರೀ, ಒಂದ್ ಮಾತು ಕೇಳಿ" ಎಂದಳು. "ಒಂದ್ ನಿಮಿಷ ಸುಮ್ನಿರು ಅಂದ್ನಲ್ಲ!" ಎಂದು ರೇಗಿದೆ. ಕೆಳಗಿನ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಸವರಾಜನ ಜೊತೆಗಾರರು ಬೆವರುತ್ತಿದ್ದರು. "ಸಾಹೇಬ್ರ, ಇದು ಹಿಂಗ ತಿರುಗೂದಿಲ್ರಿ" ಎಂದು ಅವನು ಮೆತ್ತಗೆ ಹೇಳಿದ. ಸೋತವನಿಗೆ ಸಿಟ್ಟು ಜಾಸ್ತಿ. ಬೀರುವನ್ನು ಕೆಳಗಿಳಿಸಿ ಅಂಗಳದಲ್ಲಿ ಇಡಿಸಿ, ಹಳೇ ಸಾಮಾನು ಕೊಳ್ಳುವ ಪರಿಚಯದ ಅಂಗಡಿಯವರಿಗೆ ಫೋನು ಮಾಡಿದೆ. "ತೇಗದ್ದು ಸಾರ್, ಒಳ್ಳೇ ಬೀರು, ಇವತ್ತೇ ತಗೊಂಡ್ಹೋಗಿ" ಎಂದು ಹೇಳುತ್ತ ತಿರುಗಿ ನೋಡಿದರೆ, ವಿಜಯಾ ಬೀರುವಿನ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. 

ಅದನ್ನು ನನಗಿಂತ ಮೊದಲು ಕಂಡವನು ಬಸವರಾಜ. ಟವೆಲಿನಿಂದ ಮುಖ ಒರೆಸಿಕೊಂಡು ಅವಳ ಹತ್ತಿರ ಹೋಗಿ ಕೇಳಿದ: "ಅಕ್ಕಾರ, ಈ ಬೀರು ಯಾರದ್ರಿ?"

"ನಮ್ಮಮ್ಮಂದು."

"ಅವರ ಮನ್ಯಾಗ ಎಲ್ಲಿತ್ರಿ?"

"ವಿಲ್ಸನ್ ಗಾರ್ಡನ್ನಲ್ಲಿ. ಮೇಲ್ಗಡೆ ರೂಮಲ್ಲಿತ್ತು."

"ಮತ್ತ ಅಲ್ಲಿಂದ ಕೆಳಗ ಹೆಂಗ ಇಳಿಸಿದ್ರಿ?"

"ಎರಡು ಭಾಗ ಮಾಡಿ," ಎಂದಳು ವಿಜಯಾ. "ಮೇಲಿನ ಡ್ರಾಯರ್ ತೆಗೆದ್ರೆ ಒಳಗೆ ನಾಲ್ಕು ಮರದ ಗೂಟ ಇದೆ. ಅದನ್ನ ಹೊಡೆದು ತೆಗೆದ್ರೆ ಬಾಗಿಲಿನ ಭಾಗ ಬೇರೆ, ಡ್ರಾಯರಿನ ಭಾಗ ಬೇರೆ. ಮೂರು ದಿನದಿಂದ ಅದನ್ನೇ ಹೇಳೋಕೆ ಹೋಗ್ತಿದೀನಿ. ಇವರದು ಒಂದ್ ನಿಮಿಷ ಮುಗೀತಾನೇ ಇಲ್ಲ."

ಫೋನಿನಲ್ಲಿ ಅಂಗಡಿಯವರು "ಹಲೋ, ಹಲೋ" ಎನ್ನುತ್ತಿದ್ದರು. "ಬೀರು ಇಲ್ಲ ಸಾರ್, ತಪ್ಪಾಯ್ತು" ಎಂದು ಇಟ್ಟುಬಿಟ್ಟೆ.

ಕಾಲು ಗಂಟೆ ಹಿಡಿಯಲಿಲ್ಲ. ನಾಲ್ಕು ಗೂಟ ಹೊರಬಂದವು, ಬೀರು ಎರಡಾಯಿತು, ಎರಡೂ ಕಂಬಿಗೆ ತಾಗದೆ ಮೇಲೆ ಹೋದವು. ನಿನಗೆ ಹೇಗಪ್ಪಾ ಹೊಳೆಯಿತು ಎಂದು ಬಸವರಾಜನನ್ನು ಕೇಳಿದೆ. "ಹೊಳಿಯೂದೇನೈತ್ರಿ? ಮ್ಯಾಲ ಇದ್ದದ್ದು ಕೆಳಗ ಬಂದೈತಿ ಅಂದ್ರ, ಮತ್ತ ಮ್ಯಾಲ ಹೋಗ್ತೈತ್ರಿ. ಹೆಂಗ ಅಂತ ಅಕ್ಕಾರ್ನ ಕೇಳಿದೆ, ಅಷ್ಟ" ಎಂದು ಅವನು ಉಳಿದ ಮೂಟೆಗಳ ಕಡೆ ಹೋದ. ಅವಳನ್ನು ಬಿಟ್ಟು ಬೀರುವನ್ನು ಕೇಳುತ್ತ ನಾನು ಮೂರು ದಿನ ಕಳೆದಿದ್ದೆ.

ಅಷ್ಟಕ್ಕೇ ನನ್ನ ಮಾನ ಪೂರ್ತಿ ಹೋಗಲಿಲ್ಲ. ಹಾಲುಕ್ಕಿಸಿ, ಅದೇ ಹಾಲಿನಲ್ಲಿ ಎಲ್ಲರಿಗೂ ಕಾಫಿ ಮಾಡಿ ತಂದು ಕೊಡುವಾಗ ವಿಜಯಾ ಇನ್ನೊಂದು ಮಾತು ಹೇಳಿದಳು. ಮದುವೆಯಾದ ಹೊಸದರಲ್ಲಿ ಅವಳ ತಾಯಿಯ ಮನೆಯಿಂದ ಈ ಬೀರು ಬಂತಲ್ಲ, ಆಚಾರಿ ಗೂಟ ಹೊಡೆದು ಅದನ್ನು ಬಿಚ್ಚುವಾಗ ನಾನೂ ಅಲ್ಲೇ ಇದ್ದೆನಂತೆ. "ಪಕ್ಕದ ರೂಮಲ್ಲಿ ಕೂತು ನಮ್ಮಪ್ಪನಿಗೆ ಐಕ್ಯೂ ಅಂದ್ರೇನು ಅಂತ ವಿವರಿಸ್ತಿದ್ರಿ. ಗೂಟ ಹೊಡೆಯೋ ಸದ್ದು ಜಾಸ್ತಿ ಆಯ್ತು ಅಂತ ಬಾಗಿಲು ಬೇರೆ ಹಾಕ್ಕೊಂಡ್ರಿ." ಬಸವರಾಜ ಕಾಫಿ ಚೆಲ್ಲಿಕೊಳ್ಳುವಂತೆ ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಸೋತು ಇಷ್ಟು ಹಗುರಾಗಿದ್ದು ನನಗೆ ನೆನಪಿಲ್ಲ.

ಅವರೆಲ್ಲ ಹೊರಟ ಮೇಲೆ ಅವಳನ್ನು ಕೇಳಿದೆ, ಮಾರುತ್ತೇನೆ ಎಂದಾಗಲಾದರೂ ಯಾಕೆ ಹೇಳಲಿಲ್ಲ ಎಂದು. "ಮಾತೇ ಹೊರಡ್ಲಿಲ್ಲ" ಎಂದಳು. ಅಷ್ಟೇ ಹೇಳಿದ್ದು. ನನಗೆ ತುಂಬ ನಾಚಿಕೆಯಾಯಿತು, ಅದನ್ನು ಅವಳಿಗೆ ಹೇಳಿಯೂ ಹೇಳಿದೆ. ಉತ್ತರ ಮುಚ್ಚಿಕೊಳ್ಳಲು ಅಂಗೈ ಅಡ್ಡ ಇಟ್ಟವನು ಆಮೇಲೆ ಅದನ್ನು ತೆಗೆಯುವುದನ್ನೇ ಮರೆತಿದ್ದೆ. ಪರೀಕ್ಷೆಯಲ್ಲಿ ಪಕ್ಕದವರನ್ನು ಕೇಳುವುದು ತಪ್ಪು, ಕೇಳಿದವನನ್ನು ಹೊರಗೆ ನಿಲ್ಲಿಸುತ್ತಾರೆ. ಮನೆಯಲ್ಲಿ, ಅಂಗಡಿಯಲ್ಲಿ, ಮೆಟ್ಟಿಲಿನ ಮೇಲೆ ಪಕ್ಕದವರನ್ನು ಕೇಳದೆ ಒಂದು ಸಾಮಾನೂ ಅಲುಗುವುದಿಲ್ಲ. ಆ ಪುಸ್ತಿಕೆಯಲ್ಲಿ ಇದಕ್ಕೆ ಒಂದು ಅಂಕವೂ ಇರಲಿಲ್ಲ.

ಬೀರುವನ್ನು ಜೋಡಿಸಿಟ್ಟದ್ದೇನೋ ಆಗಿತ್ತು, ಆದರೆ ನೆಲ ಸಮವಿರಲಿಲ್ಲ. ಒಂದು ಕಾಲು ಅಲ್ಲಾಡುತ್ತಿತ್ತು. ನಾನು ಡ್ರಾಯರಿನಲ್ಲಿದ್ದ ಅಪ್ಪನ ಪ್ಲಾಸ್ಟಿಕ್ ಕವರು ತೆಗೆದು, ಆ ಹಳದಿ ಕಾರ್ಡನ್ನು ಮಡಿಸಲು ಹೊರಟೆ. ವಿನಯದ ಈ ಪ್ರದರ್ಶನಕ್ಕೆ ಮೆಚ್ಚುಗೆ ಸಿಗುತ್ತದೆಂದು ಒಳಗೊಳಗೇ ನಿರೀಕ್ಷೆಯಿತ್ತು. ವಿಜಯಾ ಅದನ್ನು ಕೈಯಿಂದ ಕಿತ್ತುಕೊಂಡಳು. "ಮಾವನವರು ಇಟ್ಟಿದ್ದು ಇದು. ಇದ್ಯಾಕೆ ಕಾಲಡಿಗೆ?" ಎಂದು ಸೆರಗಿನಿಂದ ಒರೆಸಿ, ಅವಳ ತಾಯಿಯ ಸೀರೆಯ ಪಕ್ಕದಲ್ಲೇ ಇಟ್ಟಳು. ಆಮೇಲೆ ಕಿಟಕಿಯ ಬಳಿ ಬಿದ್ದಿದ್ದ ನನ್ನ ಗ್ರಾಫ್ ಹಾಳೆ ತಂದು, ಮಡಿಸಿ, ಮತ್ತೆ ಮಡಿಸಿ, ಬೀರುವಿನ ಕಾಲಡಿಗೆ ತುರುಕಿದಳು. ಅಂದಿನಿಂದ ಬೀರು ಅಲುಗಾಡಿಲ್ಲ. ನನ್ನ ಲೆಕ್ಕ ಕೊನೆಗೂ ಎರಡು ಬೆರಳು ದಪ್ಪಕ್ಕೆ ಸರಿಹೋಯಿತು.

ಇಲ್ಲಿಗೆ ಐಕ್ಯೂ ನಿಜವಾಗಿ ಬುದ್ಧಿಯನ್ನು ಅಳೆಯುತ್ತದೆಯೇ, ಅದರಿಂದ ಬಾಳಿನಲ್ಲಿ ಗೆಲುವು ಸಿಗುತ್ತದೆಯೇ ಎಂಬ ಬಗ್ಗೆ ಒಂದು ಖಚಿತ ತೀರ್ಮಾನ ಬರೆಯಬೇಕು. ಅದಕ್ಕಾಗಿ ತೂಕದ ಎರಡು ವಾಕ್ಯಗಳನ್ನು ಬೆಳಗಿನಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೇನೆ. ಆದರೆ ಅಡುಗೆಮನೆಯಿಂದ "ರೀ, ಒಂದ್ ಮಾತು" ಎಂಬ ದನಿ ಬಂದಿದೆ. ಪೆನ್ನು ಕೆಳಗಿಟ್ಟು ಎದ್ದೆ.