ಭಾವ ಕೊಟ್ಟ ಬಿಸ್ಕತ್ತು

ನನ್ನ ಅಕ್ಕನ ಗಂಡನನ್ನು ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತೇನೆ. ಅದು ಅಕ್ಕನ ಮುಖ ನೋಡಿ. ಇಲ್ಲಿ ಏಕವಚನ ಸಾಕು.

ಭಾವ ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಬೋರಲು ಹಾಕಿದ ಕ್ರೇಟಿನ ಮೇಲೆ ನಿಂತು ಟೊಮೇಟೊ ದರ ಕೂಗಿದರೆ ಹಿಂದಿನ ಗೇಟಿನಲ್ಲಿ ಲಾರಿ ಇಳಿಸುವವರಿಗೂ ಕೇಳಿಸುತ್ತದೆ. ಅಲ್ಲಿ ಎಲ್ಲರೂ ಅವನನ್ನು ಕರೆಯುವುದು ಮೈಕು ಎಂದೇ. ಗಂಟಲಿಗೆ ಸಿಕ್ಕ ವರ ತಲೆಗೂ ಸಿಕ್ಕಿದೆ ಎಂದು ತಿಳಿದದ್ದೇ ಅವನ ತೊಂದರೆ. ರಾಜಕೀಯವಿರಲಿ, ಮೂಲವ್ಯಾಧಿಯಿರಲಿ, ಕೇಳಿದರೆ ಅವನಲ್ಲಿ ಉತ್ತರವಿದೆ. ಕೇಳದಿದ್ದರೂ ಇದೆ.

ಅಕ್ಕ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುತ್ತಾಳೆ. ಅವರಿಗೆ ಇಬ್ಬರು ಮಕ್ಕಳು. ಮಗಳು ಒಂದನೇ ತರಗತಿ, ಮಗ ಇನ್ನೂ ಶಿಶುವಿಹಾರ. ಇಬ್ಬರಿಗೂ ನೆಗಡಿ ಬಂದರೆ ಬಿಡುತ್ತಿರಲಿಲ್ಲ. ಟಿವಿಯನ್ನು ಜೋರು ಮಾಡಿಕೊಂಡು ಅದರ ಮೂತಿಗೇ ಹೋಗಿ ಕೂರುವರು. ಒಂದು ದಿನ ಶಾಲೆಯಲ್ಲಿ ಟೀಚರು ಮನೆ ಬರೆಯಿರಿ ಎಂದಾಗ ನಮ್ಮ ಹುಡುಗಿ ಆನೆ ಬರೆದು ತಂದಳು. ಭಾವ ಆ ಹಾಳೆಯನ್ನು ಮಾರುಕಟ್ಟೆಗೆ ಒಯ್ದು, "ನನ್ನ ಮಗಳು ಎಲ್ಲರ ಹಾಗಲ್ಲ," ಎಂದು ತೋರಿಸಿ ಬಂದ. ಮಗ ಕರೆದರೆ ತಿರುಗದಿದ್ದಾಗ ಮಾತ್ರ ಅದು ಹಟ. ಹಟಕ್ಕೆ ಮದ್ದು ಕಿವಿ ಹಿಂಡುವುದು. ಕೇಳಿಸದ ಕಿವಿಯನ್ನು ಹಿಂಡಿ ಹಿಂಡಿ ಕೆಂಪು ಮಾಡುತ್ತಿದ್ದ, ಮಹಾನುಭಾವ.

ಅಕ್ಕನಿಗೆ ಅನುಮಾನ ಹತ್ತಿತು. ಮಗನ ಬೆನ್ನ ಹಿಂದೆ ನಿಂತು ಕತ್ತರಿ ಆಡಿಸಿದಳು, ಲೋಟ ಬೀಳಿಸಿದಳು. ಅವನು ತಿರುಗಲಿಲ್ಲ. ಸಂಜೆ ಗಂಡನಿಗೆ ಹೇಳಿದರೆ ಅವನು ಬಾಗಿಲಲ್ಲಿ ನಿಂತು ಹರಾಜಿನ ದನಿಯಲ್ಲಿ ಒಮ್ಮೆ ಕೂಗಿದ. ಮಗು ಬೆಚ್ಚಿ ತಿರುಗಿತು.

"ನೋಡಿದ್ಯಾ? ಚೆನ್ನಾಗೇ ಕೇಳುತ್ತೆ," ಎಂದ.

"ನಿಮ್ಮ ಕೂಗು ಸತ್ತವರಿಗೂ ಕೇಳುತ್ತೆ ಭಾವ," ಎಂದೆ ನಾನು. ಹೊಗಳಿದೆನೆಂದುಕೊಂಡು ನಕ್ಕ.

ಕಿವಿಯ ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷಿಸಿ, ಕಿವಿಯ ತಮಟೆಯ ಹಿಂದೆ ಅಂಟಿನಂಥ ನೀರು ಕಟ್ಟಿಕೊಂಡಿದೆ ಎಂದರು. ಮಕ್ಕಳನ್ನು ಮಲಗಿಸಿ ಸಣ್ಣದೊಂದು ಗೀರು ಹಾಕಿ, ನೀರು ತೆಗೆದು, ಸಾಸಿವೆಗಿಂತ ತುಸು ದೊಡ್ಡದಾದ ಕೊಳವೆ ಕೂರಿಸುವುದು. ಮುಂದೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ಭಾವನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಈರುಳ್ಳಿ ದಲ್ಲಾಳಿಯನ್ನು ಕೇಳಿ ಬಂದ, ತೂಕ ಹಾಕುವವನನ್ನು ಕೇಳಿ ಬಂದ. "ತೂತಿರೋ ಕಿವಿಗೆ ಇನ್ನೊಂದು ತೂತ್ಯಾಕೆ?" ಎಂದು ತೀರ್ಪು ಕೊಟ್ಟು, ಬೆಚ್ಚಗಿನ ಎಣ್ಣೆ ಹುಯ್ದ. ಮಗಳು ಇಡೀ ರಾತ್ರಿ ಅತ್ತಳು.

ಬೆಳಿಗ್ಗೆ ಅಕ್ಕ ಒಂದೇ ಮಾತು ಹೇಳಿದಳು. "ನಾನು ದಿನ ಗೊತ್ತು ಮಾಡ್ಕೊಂಡು ಬರ್ತೀನಿ. ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ನಾನು, ತಂಗಿ ಕರ್ಕೊಂಡು ಹೋಗ್ತೀವಿ."

ಬಂದ. ಬರದೇ ಇದ್ದಿದ್ದರೆ ಒಳ್ಳೆಯದಿತ್ತು.

ಹಿಂದಿನ ರಾತ್ರಿಯಿಂದ ಮಕ್ಕಳಿಗೆ ಏನೂ ತಿನ್ನಿಸಬಾರದೆಂದು ನರ್ಸು ಅವನಿಗೂ ಅಕ್ಕನಿಗೂ ಎರಡೆರಡು ಸಲ ಹೇಳಿದ್ದಳು. ವಾರ್ಡಿನಲ್ಲಿ ಮಕ್ಕಳಿಬ್ಬರೂ ಬೆನ್ನಿಗೆ ಲಾಡಿ ಕಟ್ಟುವ ಆಸ್ಪತ್ರೆಯ ಅಂಗಿ ತೊಟ್ಟು ಒಂದೇ ಮಂಚದ ಮೇಲೆ ಕೂತಿದ್ದರು. ಹುಡುಗಿ ಹಸಿವು ನುಂಗಿಕೊಂಡಿದ್ದಳು. ಹುಡುಗ ಅಳತೊಡಗಿದ. ಅಕ್ಕ ಎತ್ತಿಕೊಂಡು ಓಡಾಡಿದಳು, ನಾನು ಮೊಬೈಲು ತೋರಿಸಿದೆ. ಅಳು ನಿಲ್ಲಲಿಲ್ಲ. "ಕೊಡಿ ಇಲ್ಲಿ," ಎಂದು ಭಾವ ಅವನನ್ನು ಎತ್ತಿಕೊಂಡು ಕೆಳಗೆ ಮೀನಿನ ತೊಟ್ಟಿ ತೋರಿಸಲು ಹೋದ. ವಾಪಸು ಬಂದಾಗ ಮಗು ಗಪ್‌ಚಿಪ್.

"ಮಕ್ಕಳನ್ನ ಸಮಾಧಾನ ಮಾಡೋದೂ ಒಂದು ಕಲೆ," ಎಂದು ನಮ್ಮಿಬ್ಬರ ಮುಖ ನೋಡಿದ.

ಅರಿವಳಿಕೆ ಕೊಡುವ ಡಾಕ್ಟರು ಬಂದರು. ತೆಳ್ಳಗಿನ, ಮೆಲುದನಿಯ ಮನುಷ್ಯ. "ಇಬ್ಬರೂ ಏನೂ ತಿಂದಿಲ್ಲ ತಾನೆ?"

"ಒಂದು ಹನಿ ನೀರೂ ಇಲ್ಲ ಸಾರ್," ಎಂದ ಭಾವ, ಎದೆಯುಬ್ಬಿಸಿ.

ಹುಡುಗಿ ತಮ್ಮನ ಮೂತಿಯ ಬಳಿ ಮೂಗು ತಂದಳು. "ಅಮ್ಮಾ, ಇವನ ಬಾಯಲ್ಲಿ ಬಿಸ್ಕತ್ತು ವಾಸನೆ ಬರ್ತಿದೆ. ನಂಗೂ ಬೇಕು."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡನಂತೆ. ಭಾವನ ಕೈ ತಾನೇ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಯಿತು. ಅರ್ಧ ಪೊಟ್ಟಣ ಅಲ್ಲಿಂದ ಇಣುಕುತ್ತಿತ್ತು.

ಡಾಕ್ಟರು ದನಿ ಏರಿಸಲಿಲ್ಲ. "ಎಚ್ಚರ ತಪ್ಪಿರುವಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದುಬಿಡುತ್ತೆ. ಮಗು ಉಳಿಯೋದು ಕಷ್ಟ ಆಗಬಹುದು. ಅದಕ್ಕೇ ಕೇಳಿದ್ದು."

ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು. ಭಾವ ಏನು ಹೇಳಬಹುದಿತ್ತು? ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. "ಬಿಸ್ಕತ್ತು ಊಟ ಅಲ್ವಲ್ಲ ಸಾರ್," ಎಂದು ಶುರು ಮಾಡಿದ. ಅದು ನಡೆಯದಿದ್ದಾಗ ನರ್ಸು ಬಿಡಿಸಿ ಹೇಳಲಿಲ್ಲ ಎಂದ. ನರ್ಸು ಅವನನ್ನೇ ದಿಟ್ಟಿಸಿದಾಗ ಕೊನೆಗೆ ಗೂಬೆ ಕೂರಿಸಲು ಸಿಕ್ಕಿದ್ದು ನಾಲ್ಕು ವರ್ಷದ ಮಗು. "ಇವನೇ ಜೇಬಿಗೆ ಕೈ ಹಾಕಿ ಕಿತ್ಕೊಂಡ. ನಾನು ಬೇಡ ಅಂದೆ, ಇವನಿಗೆ ಎಲ್ಲಿ ಕೇಳುತ್ತೆ?" ಎಂದ. ಮಗನಿಗೆ ಕಿವಿ ಕೇಳುವುದಿಲ್ಲವೆಂದು ಅವನು ಒಪ್ಪಿಕೊಂಡದ್ದು ಅದೇ ಮೊದಲು.

ಹುಡುಗನದು ಮುಂದಕ್ಕೆ ಹೋಯಿತು. ಹುಡುಗಿಯ ಸರದಿ ಬಂದಾಗ, ನಿದ್ದೆ ಹತ್ತುವವರೆಗೆ ಒಬ್ಬರು ಒಳಗೆ ಬರಬಹುದು ಎಂದರು. ಭಾವ ಮುಂದೆ ಬಂದ.

"ನೀವು ಕೂತ್ಕೊಳ್ಳಿ," ಎಂದಳು ಅಕ್ಕ. ನಾಯಿಗೆ ಹೇಳುವಾಗಲೂ ಅವಳ ದನಿಯಲ್ಲಿ ಇದಕ್ಕಿಂತ ಅಕ್ಕರೆ ಇರುತ್ತದೆ. ಅವನು ಕೂತ.

ಅಕ್ಕ ಹೊರಗೆ ಬಂದಾಗ ಅವಳ ಬೆರಳಿಗೆ ಮಗಳ ತಲೆಯ ರಬ್ಬರ್ ಬ್ಯಾಂಡು ಸುತ್ತಿಕೊಂಡಿತ್ತು. "ಮುಖಕ್ಕೆ ಮಾಸ್ಕು ಹಿಡಿದ ತಕ್ಷಣ ನನ್ನನ್ನೇ ನೋಡಿದಳು ಕಣೇ. ಆಮೇಲೆ ಹಿಡ್ಕೊಂಡಿದ್ದ ಕೈ ಭಾರ ಆಗೋಯ್ತು," ಎಂದು ಗೋಡೆಗೆ ಒರಗಿದಳು. ಸಣ್ಣ ಆಪರೇಷನ್ನು ಎಂದು ಎಲ್ಲರೂ ಹೇಳಿದ್ದರು. ಸಣ್ಣದು ಹೌದು, ಮಗು ತನ್ನದಲ್ಲದಿದ್ದರೆ. ನಾನು ಅವಳ ಬೆನ್ನು ಸವರುತ್ತಾ ನಿಂತೆ. ಆಗ ನೋಡಿದರೆ ಭಾವನ ಕುರ್ಚಿ ಖಾಲಿ. ಟೆನ್ಷನ್ನಿಗೆ ಹೊಟ್ಟೆ ಹಸಿಯಿತಂತೆ, ಕ್ಯಾಂಟೀನಿಗೆ ಹೋಗಿದ್ದ. ಬಾಯಿ ಒರೆಸಿಕೊಂಡು ಬರುವ ಹೊತ್ತಿಗೆ ಮಗಳು ಆಚೆ ಬಂದಿದ್ದಳು.

ಅವಳು ಎದ್ದು ಅತ್ತಳು, ವಾಂತಿ ಮಾಡಿಕೊಂಡಳು, ಮತ್ತೆ ಮಲಗಿದಳು. ಸಂಜೆ ಮನೆಗೆ ಹೊರಟಾಗ ಲಿಫ್ಟಿನ ಗಂಟೆಗೆ ನಿಂತು ಕಿವಿಗೊಟ್ಟಳು. ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದನ್ನು ಬಗ್ಗಿ ನೋಡಿದಳು. ಭಾವ ಒಳಗೆ ಬರುತ್ತಲೇ, "ಹೇಗಿದ್ದೀ ಪುಟ್ಟಿ," ಎಂದ. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ಅಪ್ಪ ಯಾಕೆ ಬೈತಿದಾನೆ?" ಎಂದಳು.

"ಬೈತಿಲ್ಲ, ಮಾತಾಡ್ತಿದಾನೆ," ಎಂದಳು ಅಕ್ಕ.

ಮಗನಿಗೆ ಇನ್ನೊಂದು ದಿನ ಸಿಕ್ಕಿತು. ಅಕ್ಕ ಅದನ್ನು ಗಂಡನಿಗೆ ಹೇಳಲೇ ಇಲ್ಲ. ಅವನು ಮಾರುಕಟ್ಟೆಗೆ ಹೊರಟ ಮೇಲೆ ನಾವು ಹೊರಟೆವು. ಹುಡುಗ ಅತ್ತ, ಅಳಲು ಬಿಟ್ಟೆವು. ಅವನು ಒಳಗೆ ಹೋದ, ಹೊರಗೆ ಬಂದ. ಮಧ್ಯೆ ಯಾರೂ ಯಾವ ಕಲೆಯನ್ನೂ ತೋರಿಸಲಿಲ್ಲ.

ಭಾವ ಎರಡು ದಿನ ಮುನಿಸಿಕೊಂಡು ಊಟ ಬಿಟ್ಟ, ಅಂದರೆ ಮನೆಯಲ್ಲಿ ಬಿಟ್ಟ. ಮೂರನೆಯ ದಿನದಿಂದ, ಇಬ್ಬರು ಮಕ್ಕಳ ಆಪರೇಷನ್ನನ್ನೂ ತಾನೇ ಮುಂದೆ ನಿಂತು ಮಾಡಿಸಿದ್ದಾಗಿ ಮಾರುಕಟ್ಟೆಯಲ್ಲಿ ಹೇಳತೊಡಗಿದ. ಈರುಳ್ಳಿ ದಲ್ಲಾಳಿಯ ಮೊಮ್ಮಗುವಿಗೂ ಕಿವಿ ತೊಂದರೆಯಂತೆ. ಅವನು, ಅವನ ಸೊಸೆ ಇಬ್ಬರೂ ಕೇಳಿಕೊಂಡು ಮನೆಗೇ ಬಂದರು. ಭಾವ ಗಂಟಲು ಸರಿಮಾಡಿಕೊಂಡು ಆರಂಭಿಸುವಷ್ಟರಲ್ಲಿ ಅಕ್ಕ ಹೊಲಿಗೆ ಬದಿಗಿಟ್ಟು ಎದ್ದಳು. ದಲ್ಲಾಳಿಯ ಸೊಸೆಯನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.